ಗಾಳಕ್ಕೆ ಸಿಕ್ಕ ಸಾಲ್ಮನ್ ಮನೆಗೋ, ಮರಳಿ ಕಡಲಿಗೋ? ತೀರ್ಮಾನಿಸುವುದು ಒಂದು ಪುಟ್ಟ ರೆಕ್ಕೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ ಬೇಸಿಗೆ ಬಂತೆಂದರೆ ಸಾಲ್ಮನ್ ಹಿಡಿಯುವ ಸಂಭ್ರಮ. ವೆಸ್ಟ್‌ಪೋರ್ಟ್, ಇಲ್ವಾಕೊ, ಲಾ ಪುಶ್, ನಿಯಾ ಬೇ ಬಂದರುಗಳಿಂದ ಬೆಳಕು ಹರಿಯುವ ಮೊದಲೇ ದೋಣಿಗಳು ಹೊರಡುತ್ತವೆ. ಇವರು ಮೀನುಗಾರಿಕೆಯಿಂದ ಹೊಟ್ಟೆ ಹೊರೆಯುವವರಲ್ಲ, ಹವ್ಯಾಸಕ್ಕಾಗಿ ಗಾಳ ಹಿಡಿದವರು. ಕಣ್ಣು ಎರಡು ಜಾತಿಗಳ ಮೇಲೆ: ದೊಡ್ಡ ಗಾತ್ರದ ಚಿನೂಕ್ ಮತ್ತು ಬೆಳ್ಳಿ ಮೈಯ ಕೊಹೊ. (ಮುಂಬೈ ಮಾರುಕಟ್ಟೆಯಲ್ಲಿ ‘ಇಂಡಿಯನ್ ಸಾಲ್ಮನ್’ ಎಂದು ಮಾರುವ ರಾವಸ್‌ಗೂ ಇವಕ್ಕೂ ಸಂಬಂಧವಿಲ್ಲ, ಅದು ಬೇರೆಯೇ ಕುಟುಂಬದ ಮೀನು.)

ಆದರೆ ಗಂಟೆಗಟ್ಟಲೆ ಕಾದು, ಸೆಣಸಾಡಿ ದೋಣಿಯ ಪಕ್ಕಕ್ಕೆ ಎಳೆದು ತಂದ ಮೀನನ್ನೂ ಎಷ್ಟೋ ಸಲ ಹಾಗೆಯೇ ಬಿಟ್ಟುಬಿಡಬೇಕು. ಏಕೆ?

ಬೆನ್ನ ಮೇಲಿನ ಗುರುತು

ಸಾಲ್ಮನ್ ಮೀನಿನ ಬೆನ್ನಿನ ದೊಡ್ಡ ರೆಕ್ಕೆಗೂ ಬಾಲಕ್ಕೂ ನಡುವೆ ಒಂದು ಚಿಕ್ಕ, ಮೆದುವಾದ ರೆಕ್ಕೆ ಇರುತ್ತದೆ. ಅದೇ ಅಡಿಪೋಸ್ ಫಿನ್. ಹ್ಯಾಚರಿಗಳಲ್ಲಿ, ಅಂದರೆ ಮರಿ ಬೆಳೆಸುವ ಕೇಂದ್ರಗಳಲ್ಲಿ, ಹುಟ್ಟಿದ ಬಹುತೇಕ ಮರಿಗಳ ಈ ರೆಕ್ಕೆಯನ್ನು ಕತ್ತರಿಸಿಯೇ ನದಿಗೆ ಬಿಡುತ್ತಾರೆ. ಅದು ಮತ್ತೆ ಬೆಳೆಯುವುದಿಲ್ಲ. ರೆಕ್ಕೆ ಇಲ್ಲದಿದ್ದರೆ ಹ್ಯಾಚರಿ ಮೀನು, ಮನೆಗೆ ಒಯ್ಯಬಹುದು. ರೆಕ್ಕೆ ಇದ್ದರೆ ನದಿಯಲ್ಲೇ ಸಹಜವಾಗಿ ಹುಟ್ಟಿದ್ದೆಂದು ಭಾವಿಸಿ ಬಿಡಬೇಕು. ಕೊಹೊ ವಿಷಯದಲ್ಲಿ ಸಾಮಾನ್ಯವಾಗಿ ಇದೇ ನಿಯಮ. ಚಿನೂಕ್ ನಿಯಮ ಸ್ಥಳ ಮತ್ತು ವರ್ಷಕ್ಕೆ ತಕ್ಕಂತೆ ಬದಲಾಗುತ್ತದೆ.

ಹ್ಯಾಚರಿ ಏಕೆ ಬೇಕಾಯಿತು?

ಸಾಲ್ಮನ್ ನದಿಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆ ಇಡಲು ಹುಟ್ಟಿದ ನದಿಗೇ ಮರಳುತ್ತದೆ. ಈ ದಾರಿಗೆ ಅಣೆಕಟ್ಟುಗಳು ಅಡ್ಡ ಬಂದವು. ಕೊಲಂಬಿಯಾ ನದಿಯಲ್ಲಿ 1942ರಲ್ಲಿ ಪೂರ್ಣಗೊಂಡ ಗ್ರ್ಯಾಂಡ್ ಕೂಲಿ ಅಣೆಕಟ್ಟಿನಲ್ಲಿ ಮೀನು ಹತ್ತಿ ಹೋಗುವ ಮೆಟ್ಟಿಲು ದಾರಿಯೇ ಇಲ್ಲ. ಅದರಾಚೆಯ ನದಿ ಸಾಲ್ಮನ್ ಪಾಲಿಗೆ ಮುಚ್ಚಿಹೋಯಿತು. ಈ ನಷ್ಟ ತುಂಬಲು 1938ರ ಮಿಚೆಲ್ ಕಾಯ್ದೆಯ ಹಣದಿಂದ ಹ್ಯಾಚರಿಗಳು ಬೆಳೆದವು.

ಆದರೂ ಸಹಜ ಮೀನುಗಳು ಕುಗ್ಗುತ್ತಲೇ ಹೋದವು. 1999ರಲ್ಲಿ ಪ್ಯೂಜೆಟ್ ಸೌಂಡ್‌ನ ಚಿನೂಕ್, 2005ರಲ್ಲಿ ಕೊಲಂಬಿಯಾ ಕೆಳಭಾಗದ ಕೊಹೊ ಅಪಾಯದಲ್ಲಿರುವ ಜೀವಿಗಳ ಕಾಯ್ದೆಯ ಪಟ್ಟಿಗೆ ಸೇರಿದವು. ಕಡಲಲ್ಲಿ ಎಲ್ಲ ನದಿಗಳ ಮೀನುಗಳೂ ಬೆರೆತೇ ಓಡಾಡುತ್ತವೆ. ರೆಕ್ಕೆಯ ಗುರುತು ಇಲ್ಲದಿದ್ದರೆ ದುರ್ಬಲ ಸಂತತಿಯನ್ನು ಉಳಿಸಲು ಇಡೀ ಋತುವನ್ನೇ ಮುಚ್ಚಬೇಕಾಗುತ್ತಿತ್ತು.

ಲೆಕ್ಕ ಇಡುವುದು ಹೇಗೆ?

ಪ್ರತಿ ಏಪ್ರಿಲ್‌ನಲ್ಲಿ ಪೆಸಿಫಿಕ್ ಫಿಶರಿ ಮ್ಯಾನೇಜ್‌ಮೆಂಟ್ ಕೌನ್ಸಿಲ್ ಆ ವರ್ಷದ ಕೋಟಾ ನಿಗದಿ ಮಾಡುತ್ತದೆ. ಒಪ್ಪಂದದ ಹಕ್ಕುಳ್ಳ ಮೂಲನಿವಾಸಿ ಬುಡಕಟ್ಟುಗಳಿಗೆ ಹಿಡಿಯಬಹುದಾದ ಮೀನಿನಲ್ಲಿ ಅರ್ಧದವರೆಗೆ ಪಾಲಿದೆ ಎಂದು ನ್ಯಾಯಾಧೀಶ ಜಾರ್ಜ್ ಬೋಲ್ಟ್ 1974ರಲ್ಲೇ ತೀರ್ಪಿತ್ತಿದ್ದಾರೆ. ಬಂದರಿನಲ್ಲಿ ಸಿಬ್ಬಂದಿ ಮೀನು ಎಣಿಸುತ್ತಾರೆ. ಕೋಟಾ ತುಂಬಿದರೆ ಋತು ಅವಧಿಗೆ ಮೊದಲೇ ಮುಗಿಯುತ್ತದೆ.

ಬಿಡುವುದಕ್ಕೂ ನಿಯಮವಿದೆ. ಕೊಕ್ಕೆಯ ತುದಿಯಲ್ಲಿ ಹಿಮ್ಮುಖ ಮುಳ್ಳು ಇರಕೂಡದು. ಬಿಡಬೇಕಾದ ಮೀನನ್ನು ದೋಣಿಯೊಳಕ್ಕೆ ಎತ್ತಕೂಡದು, ನೀರಿನಲ್ಲೇ ಕೊಕ್ಕೆ ಬಿಡಿಸಬೇಕು. ಇಷ್ಟಾದರೂ ಬಿಟ್ಟ ಪ್ರತಿ 100 ಮೀನಿನಲ್ಲಿ ಸುಮಾರು 14 ಸಾಯುತ್ತವೆ ಎಂದು ಹಿಡಿದೇ ಲೆಕ್ಕ ಹಾಕಲಾಗುತ್ತದೆ.

ಹ್ಯಾಚರಿ ಒಂದೇ ಸಾಕೇ?

ಸಾಲದು ಎನ್ನುತ್ತದೆ ಅನುಭವ. ತೊಟ್ಟಿಯಲ್ಲಿ ಬೆಳೆದ ಮೀನು ನದಿಗೆ ಬಂದು ಸಹಜ ಮೀನಿನೊಂದಿಗೆ ಕೂಡಿದರೆ, ಆಯಾ ನದಿಗೆ ಒಗ್ಗಿದ ತಳಿಯ ಗುಣವೇ ತೆಳುವಾಗುತ್ತದೆ. ನದಿ ಸೊರಗಿದರೆ ಹ್ಯಾಚರಿಯೂ ಕೈ ಹಿಡಿಯದು. ದೊಡ್ಡ ಹ್ಯಾಚರಿಗಳಿದ್ದ ಕ್ಯಾಲಿಫೋರ್ನಿಯಾದಲ್ಲೇ ಬರಗಾಲದ ಬಳಿಕ 2023 ಮತ್ತು 2024ರಲ್ಲಿ ಕಡಲಿನ ಸಾಲ್ಮನ್ ಮೀನುಗಾರಿಕೆ ಪೂರ್ತಿ ನಿಂತಿತು. ಇನ್ನೊಂದೆಡೆ, ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು ಕೆಡವಿದ ಕೆಲವೇ ವಾರಗಳಲ್ಲಿ, 2024ರ ಅಕ್ಟೋಬರ್‌ನಲ್ಲಿ, ಶತಮಾನದಿಂದ ಕಾಣದ ಕಡೆ ಚಿನೂಕ್ ಮೇಲೇರಿ ಬಂತು.

ಕಾವೇರಿಯ ಪಾಠ

ಕರ್ನಾಟಕಕ್ಕೂ ಇದು ಹೊಸ ಕಥೆಯಲ್ಲ. ಭೀಮೇಶ್ವರಿಯ ಸುತ್ತ ಹವ್ಯಾಸಿಗಳು ಹಿಡಿದು ಬಿಡುತ್ತಿದ್ದ ಕಾವೇರಿಯ ಗೂನು ಬೆನ್ನಿನ ಮಹಶೀರ್ ಜಗತ್ಪ್ರಸಿದ್ಧವಾಗಿತ್ತು. ಹ್ಯಾಚರಿಯಲ್ಲಿ ಬೆಳೆಸಿದ ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಅದೇ ನದಿಗೆ ಬಿಡಲಾಯಿತು. ಹೊಸಬರು ಹೆಚ್ಚಿದರು, ಮೂಲದವರು ಅಪರೂಪವಾದರು. ಇದು ಗೊತ್ತಾದದ್ದೂ ಗಾಳದವರು ಬರೆದಿಟ್ಟ ದಾಖಲೆಗಳಿಂದಲೇ. 2018ರಲ್ಲಿ ಗೂನು ಬೆನ್ನಿನ ಮಹಶೀರ್ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು.

ನೀರಿಗೆ ಮರಿ ಬಿಟ್ಟರೆ ಮೀನಿನ ಸಂಖ್ಯೆ ಹೆಚ್ಚಬಹುದು. ಯಾವ ಮೀನು ಎಂಬುದೇ ಮುಖ್ಯ ಪ್ರಶ್ನೆ. ಆ ಪುಟ್ಟ ರೆಕ್ಕೆ ನೋಡಿ ಮೀನನ್ನು ಕಡಲಿಗೆ ಮರಳಿಸುವ ಪ್ರತಿಯೊಬ್ಬ ಹವ್ಯಾಸಿಯೂ ಒಂದು ನದಿಯ ಸಂತತಿಗೆ ಇನ್ನೊಂದು ಅವಕಾಶ ಕೊಡುತ್ತಾನೆ.