ತನ್ನ ವ್ಯಾಕರಣವನ್ನು ತಾನೇ ತಿದ್ದುವ ಭಾಷೆ

ಕೇಶಿರಾಜ 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದದ್ದು ಕನ್ನಡದಲ್ಲಿ. ಭಟ್ಟಾಕಳಂಕ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಬರೆದದ್ದು ಸಂಸ್ಕೃತ ಸೂತ್ರಗಳಲ್ಲಿ. ಎರಡೂ ಕನ್ನಡದ ವ್ಯಾಕರಣಗಳೇ. ಮೊದಲನೆಯದರಲ್ಲಿ ಭಾಷೆ ತನ್ನ ನಿಯಮಗಳನ್ನು ತಾನೇ ಹೇಳಿಕೊಳ್ಳುತ್ತದೆ. ಎರಡನೆಯದರಲ್ಲಿ ಆ ಕೆಲಸವನ್ನು ಇನ್ನೊಂದು ಭಾಷೆ ಮಾಡುತ್ತದೆ. ಗಣಕ ಭಾಷೆಗಳಲ್ಲಿಯೂ ಈ ಎರಡು ಬಗೆಗಳನ್ನು ಕಾಣಬಹುದು. ವ್ಯತ್ಯಾಸ ಒಂದೇ. ಕೇಶಿರಾಜನ ಒಂದು ಸೂತ್ರವನ್ನು ನಾವು ತಿದ್ದಿದರೆ ಜನರ ಮಾತು ಬದಲಾಗುವುದಿಲ್ಲ. ಆದರೆ ಕೆಲವು ಗಣಕ ಭಾಷೆಗಳಲ್ಲಿ ಸೂತ್ರವನ್ನು ತಿದ್ದಿದ ಕೂಡಲೇ ಭಾಷೆಯ ನಡತೆಯೇ ಬದಲಾಗುತ್ತದೆ!

ಆಬ್ಜೆಕ್ಟ್ ಆಧಾರಿತ ಭಾಷೆಗಳಲ್ಲಿ ಪ್ರೋಗ್ರಾಮು ಎಂದರೆ ವಸ್ತುಗಳ ಸಮೂಹ. ಪ್ರತಿಯೊಂದು ವಸ್ತುವೂ ಒಂದು ವರ್ಗಕ್ಕೆ ಸೇರಿರುತ್ತದೆ. ವಸ್ತುವಿನಲ್ಲಿ ಯಾವ ಯಾವ ಗುಣಗಳಿವೆ, ಅದಕ್ಕೆ ಯಾವ ಕೆಲಸಗಳು ಗೊತ್ತು ಎಂಬುದನ್ನು ವರ್ಗ ನಿರ್ಧರಿಸುತ್ತದೆ. ಪ್ರೋಗ್ರಾಮು ಓಡುತ್ತಿರುವಾಗಲೇ “ನೀನು ಯಾವ ವರ್ಗದವನು? ನಿನಗೆ ಏನೇನು ಬರುತ್ತದೆ?” ಎಂದು ವಸ್ತುವನ್ನು ಕೇಳುವ ಸೌಲಭ್ಯಕ್ಕೆ ರಿಫ್ಲೆಕ್ಷನ್ ಎಂದು ಹೆಸರು. ಭೌತಶಾಸ್ತ್ರದವನಾದ ನನಗೆ ಈ ಪದ ಕೇಳಿದೊಡನೆ ಕನ್ನಡಿಯ ಪ್ರತಿಫಲನ ನೆನಪಾಗುತ್ತದೆ. ಇಲ್ಲಿಯ ಅರ್ಥಕ್ಕೆ ಆತ್ಮಾವಲೋಕನ ಎಂಬುದೇ ಹತ್ತಿರ.

ಜಾವಾ ಭಾಷೆಗೆ ಈ ಸೌಲಭ್ಯ 1997ರಲ್ಲಿ ಬಂದಿತು. ಪ್ರೋಗ್ರಾಮುಗಳನ್ನು ಪರೀಕ್ಷಿಸುವ ಜೆಯೂನಿಟ್ ಎಂಬ ಸಾಧನದ ಮೊದಲ ಆವೃತ್ತಿಗಳು ಇದನ್ನು ಸೊಗಸಾಗಿ ಬಳಸಿದವು. ನೀವು ಬರೆದ ವರ್ಗದಲ್ಲಿ ‘ಟೆಸ್ಟ್’ ಎಂದು ಆರಂಭವಾಗುವ ಹೆಸರುಗಳನ್ನು ಅದು ತಾನೇ ಹುಡುಕಿ, ಒಂದೊಂದನ್ನೂ ಓಡಿಸುತ್ತಿತ್ತು. ಪಟ್ಟಿ ಕೊಡುವ ಅಗತ್ಯವೇ ಇರಲಿಲ್ಲ.

ಆದರೆ ಇದು ಬರೀ ಕೇಳುವುದು. ಇದಕ್ಕಿಂತ ಮುಂದಿನ ಹೆಜ್ಜೆ, ಉತ್ತರವನ್ನೇ ಬದಲಿಸುವುದು. ಬ್ರಯನ್ ಕ್ಯಾಂಟ್‌ವೆಲ್ ಸ್ಮಿತ್ 1982ರಲ್ಲಿ ಎಂಐಟಿಗೆ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ, ತನ್ನನ್ನು ನಡೆಸುತ್ತಿರುವ ನಿಯಮಗಳನ್ನು ಪ್ರೋಗ್ರಾಮೇ ಮುಟ್ಟಬಲ್ಲ ಲಿಸ್ಪ್ ಭಾಷೆಯೊಂದನ್ನು ರೂಪಿಸಿದರು. 1987ರಲ್ಲಿ ಪ್ಯಾಟಿ ಮೇಸ್ ಈ ವಿಚಾರವನ್ನು ಆಬ್ಜೆಕ್ಟ್ ಆಧಾರಿತ ಭಾಷೆಗೆ ತಂದರು. ಅದನ್ನು ದಿನಬಳಕೆಗೆ ಒಗ್ಗುವಂತೆ ಪಳಗಿಸಿದವರು ಗ್ರೆಗರ್ ಕಿಕ್ಜಾಲೆಸ್, ಜಿಮ್ ಡೆ ರಿವಿಯೇರ್ ಮತ್ತು ಡೇನಿಯಲ್ ಬೊಬ್ರೊ. ಕಾಮನ್ ಲಿಸ್ಪ್‌ನ ವಸ್ತುವ್ಯವಸ್ಥೆಯಾದ ಕ್ಲಾಸ್ (ಸಿ-ಎಲ್-ಓ-ಎಸ್) ಕುರಿತು ಇವರು ಬರೆದ ‘ದಿ ಆರ್ಟ್ ಆಫ್ ದಿ ಮೆಟಾಆಬ್ಜೆಕ್ಟ್ ಪ್ರೋಟೊಕಾಲ್’ 1991ರಲ್ಲಿ ಪ್ರಕಟವಾಯಿತು.

ಅವರ ಮುಂದಿದ್ದ ಪ್ರಶ್ನೆಯನ್ನು ನಮ್ಮ ಕಡೆಯ ಉದಾಹರಣೆಯಿಂದ ನೋಡೋಣ. ಅನಿಲದ 10 ಲಕ್ಷ ಕಣಗಳ ಚಲನೆಯನ್ನು ಲೆಕ್ಕ ಹಾಕಬೇಕು. ಪ್ರತಿ ಕಣಕ್ಕೂ ಸ್ಥಾನ, ವೇಗ ಹೀಗೆ ಆರೇ ಸಂಖ್ಯೆಗಳು. ಎಲ್ಲವೂ ತುಂಬಿರುತ್ತವೆ, ಎಲ್ಲವನ್ನೂ ಕ್ಷಣಕ್ಷಣಕ್ಕೂ ಓದಬೇಕು. ಇವನ್ನು ಸಾಲಾಗಿ, ಗೊತ್ತಾದ ಜಾಗಗಳಲ್ಲಿ ಇಡುವುದು ಜಾಣತನ. ಇನ್ನೊಂದು ಕಡೆ ಒಂದು ಲಕ್ಷ ಖನಿಜ ಮಾದರಿಗಳ ದಾಖಲೆ ಇದೆ ಎನ್ನೋಣ. ದಾಖಲಿಸಬಹುದಾದ ಗುಣಗಳು 200. ಆದರೆ ಒಂದು ಮಾದರಿಯಲ್ಲಿ ಅಳತೆಯಾಗಿರುವುದು ಆರೋ ಏಳೋ. ಗುಣವೊಂದಕ್ಕೆ 8 ಬೈಟಿನಂತೆ ಎಲ್ಲಕ್ಕೂ ಜಾಗ ಕಾದಿರಿಸಿದರೆ ಒಂದು ಮಾದರಿಗೆ 1,600 ಬೈಟು, ಒಟ್ಟು 16 ಕೋಟಿ ಬೈಟು, ಬಹುಪಾಲು ಖಾಲಿ. ಇಲ್ಲಿ ಅಳತೆಯಾದ ಗುಣದ ಹೆಸರನ್ನೂ ಬೆಲೆಯನ್ನೂ ಮಾತ್ರ ಕೋಷ್ಟಕದಲ್ಲಿ ಇಡುವುದು ಲೇಸು.

ಎರಡು ವರ್ಗಗಳನ್ನೂ ಬರೆಯುವ ರೀತಿ ಒಂದೇ. ಸ್ಮೃತಿಯಲ್ಲಿ ಹೇಗೆ ಜೋಡಿಸಬೇಕೆಂಬುದನ್ನು ಭಾಷೆಯನ್ನು ಕಟ್ಟಿದವರು ನಮ್ಮ ಪರವಾಗಿ ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಕಣಗಳಿಗೆ ಅನುಕೂಲವಾದ ತೀರ್ಮಾನ ಖನಿಜಗಳಿಗೆ ಹೊರೆ. ಭಾಷೆಯ ಕರ್ತೃಗಳು ಎಷ್ಟೇ ಬುದ್ಧಿವಂತರಾದರೂ ನಿಮ್ಮ ಪ್ರಯೋಗಾಲಯದಲ್ಲಿ ಖನಿಜಗಳಿವೆಯೆಂದು ಅವರಿಗೆ ತಿಳಿಯುವುದೆಂತು?

ಕಿಕ್ಜಾಲೆಸ್ ಮತ್ತು ಸಂಗಡಿಗರ ಉತ್ತರ ಹೀಗಿದೆ. ವರ್ಗವನ್ನೂ ಒಂದು ವಸ್ತುವೆಂದೇ ಪರಿಗಣಿಸಿ. ಅದು ವಸ್ತುಗಳನ್ನು ಕುರಿತ ವಸ್ತು, ಅಂದರೆ ಮೆಟಾಆಬ್ಜೆಕ್ಟ್. ಅದೂ ವಸ್ತುವಾದ್ದರಿಂದ ಅದಕ್ಕೂ ಒಂದು ವರ್ಗ ಇರಬೇಕು. ಕ್ಲಾಸ್‌ನಲ್ಲಿ ಅದರ ಹೆಸರು ಸ್ಟ್ಯಾಂಡರ್ಡ್-ಕ್ಲಾಸ್. ಹೊಸ ವಸ್ತುವಿಗೆ ಜಾಗ ಕೊಡುವುದು, ಗುಣವನ್ನು ಓದುವುದು, ಬರೆಯುವುದು, ಇವೆಲ್ಲ ಸ್ಟ್ಯಾಂಡರ್ಡ್-ಕ್ಲಾಸಿಗೆ ಗೊತ್ತಿರುವ, ಹೆಸರಿಟ್ಟ ಕೆಲಸಗಳು. ನಮಗೆ ಬೇರೆ ಜೋಡಣೆ ಬೇಕಾದರೆ ಸ್ಟ್ಯಾಂಡರ್ಡ್-ಕ್ಲಾಸಿನ ಉಪವರ್ಗವೊಂದನ್ನು ಮಾಡಿ, ಈ ನಾಲ್ಕಾರು ಕೆಲಸಗಳನ್ನು ಮಾತ್ರ ಹೊಸದಾಗಿ ಬರೆಯುತ್ತೇವೆ. ಖನಿಜದ ವರ್ಗವನ್ನು ಘೋಷಿಸುವಾಗ ಅದರ ಮೆಟಾವರ್ಗ ಇದು ಎಂದು ಒಂದು ಸಾಲು ಸೇರಿಸಿದರೆ ಸಾಕು. ಕಣಗಳು ತಮ್ಮ ಪಾಡಿಗೆ ಹಳೆಯ ವೇಗದಲ್ಲೇ ಓಡುತ್ತಿರುತ್ತವೆ.

ಪ್ರೋಟೊಕಾಲ್, ಅಂದರೆ ಒಡಂಬಡಿಕೆ, ಎಂಬ ಮಾತು ಬಂದಿರುವುದು ಇದಕ್ಕೇ. ಭಾಷೆಯ ಒಳಾಂಗಗಳನ್ನೆಲ್ಲ ಬಿಚ್ಚಿ ಕೈಗೆ ಕೊಡುವುದಲ್ಲ. ಇಂತಿಂಥ ಜಾಗಗಳಲ್ಲಿ ಇಂತಿಂಥ ಷರತ್ತಿಗೆ ಒಳಪಟ್ಟು ಕೈ ಹಾಕಬಹುದು ಎಂದು ಬರೆದುಕೊಡುವುದು. ಆ ಪುಸ್ತಕದ ನಿಜವಾದ ಸಾಧನೆ ಈ ಜಾಗಗಳನ್ನು ಆರಿಸಿದ್ದರಲ್ಲಿದೆ ಎಂದು ನನ್ನ ಅಭಿಪ್ರಾಯ.

ಇಷ್ಟರಲ್ಲಿ ಚುರುಕಾದ ಓದುಗರು ಒಂದು ಆಕ್ಷೇಪ ಎತ್ತಿರಬಹುದು. ವರ್ಗಕ್ಕೆ ಒಂದು ವರ್ಗ, ಅದಕ್ಕೆ ಮತ್ತೊಂದು, ಇದು ಕೊನೆಗಾಣುವುದೆಲ್ಲಿ? ಸ್ಟ್ಯಾಂಡರ್ಡ್-ಕ್ಲಾಸ್ ತನಗೆ ತಾನೇ ವರ್ಗ ಎಂಬುದು ಇದಕ್ಕೆ ಉತ್ತರ. ಸರಪಳಿ ಅಲ್ಲಿ ಉಂಗುರವಾಗುತ್ತದೆ. ಆದರೆ ಉಂಗುರವಾದ ಮಾತ್ರಕ್ಕೆ ತೊಂದರೆ ತಪ್ಪಲಿಲ್ಲ. ಗುಣವನ್ನು ಓದಬೇಕಾದರೆ ವರ್ಗವನ್ನು ಕೇಳಬೇಕು. ವರ್ಗವು ಉತ್ತರಿಸಲು ತನ್ನದೇ ಗುಣವೊಂದನ್ನು ಓದಬೇಕು. ಅದಕ್ಕಾಗಿ ಮತ್ತೆ ವರ್ಗವನ್ನು ಕೇಳಬೇಕು. ಪ್ರೋಗ್ರಾಮು ಸುತ್ತುತ್ತಲೇ ಇರುತ್ತದೆ. ಆದ್ದರಿಂದ ಬುಡದ ಒಂದೆರಡು ಪ್ರಸಂಗಗಳಲ್ಲಿ ಉತ್ತರವನ್ನು ಯಾರನ್ನೂ ಕೇಳದೆ ಮೊದಲೇ ಬರೆದಿಟ್ಟಿರುತ್ತಾರೆ. ಉಳಿದ ಕಟ್ಟಡವೆಲ್ಲ ನಿಂತಿರುವುದು ಆ ಒಂದೆರಡು ಕಲ್ಲುಗಳ ಮೇಲೆ.

ಈ ಸ್ವಾತಂತ್ರ್ಯಕ್ಕೆ ಬೆಲೆಯೂ ಉಂಟು. ಜಾವಾದಲ್ಲಿ ರಿಫ್ಲೆಕ್ಷನ್ ಬಳಸಿ, ‘ಖಾಸಗಿ’ ಎಂದು ಬರೆದ ಗುಣಗಳನ್ನೂ ಹೊರಗಿನಿಂದ ಓದಬಹುದಾಗಿತ್ತು. ಅನೇಕ ತಂತ್ರಾಂಶಗಳು ಜಾವಾದ ಒಳಭಾಗಗಳಿಗೇ ಹೀಗೆ ಕೈ ಹಾಕಿ, ಅವನ್ನು ಬದಲಿಸಲಾಗದಂತೆ ಮಾಡಿದವು. 2017ರಲ್ಲಿ ಜಾವಾ 9 ಗೋಡೆ ಕಟ್ಟಲು ತೊಡಗಿತು. 2021ರ ಆವೃತ್ತಿಗಳಲ್ಲಿ ಆ ಬಾಗಿಲು ಸಾಮಾನ್ಯವಾಗಿ ಮುಚ್ಚಿದ್ದು, ಬೇಕಾದವರು ಹೆಸರಿಸಿ ತೆರೆಸಿಕೊಳ್ಳಬೇಕು.

ನಮ್ಮ ಪ್ರಯೋಗಾಲಯದ ಒಂದು ಅನುಭವ. ನೀರಿನ ಸ್ನಿಗ್ಧತೆಯನ್ನು ಅಳೆಯುತ್ತಿದ್ದ ವಿದ್ಯಾರ್ಥಿಗಳ ಫಲಿತಾಂಶ ಪುಸ್ತಕದ ಬೆಲೆಗಿಂತ ಸುಮಾರು ಶೇಕಡ 12ರಷ್ಟು ಕಡಿಮೆ ಬರುತ್ತಿತ್ತು. ಎರಡು ದಿನ ಲೋಮನಾಳವನ್ನೂ ಸ್ಟಾಪ್‌ವಾಚನ್ನೂ ದೂರಿದ್ದಾಯಿತು. ಕೊನೆಗೆ ನೋಡಿದರೆ ಪೈಥಾನ್ ಪ್ರೋಗ್ರಾಮಿನಲ್ಲಿ ಟೆಂಪರೇಚರ್ ಎಂಬ ಪದದ ಒಂದು ಅಕ್ಷರ ಬಿಟ್ಟುಹೋಗಿತ್ತು. ಪೈಥಾನ್ ಅದನ್ನು ತಪ್ಪೆನ್ನದೆ ಹೊಸ ಗುಣವೊಂದನ್ನು ಸೃಷ್ಟಿಸಿ 31 ಡಿಗ್ರಿಯನ್ನು ಅಲ್ಲಿಟ್ಟಿತ್ತು. ಹೋಲಿಕೆ ನಡೆದದ್ದು ಮೊದಲೇ ತುಂಬಿದ್ದ 25 ಡಿಗ್ರಿಯ ಬೆಲೆಯೊಂದಿಗೆ. ಗುಣಕ್ಕೆ ಬೆಲೆ ಕೊಡುವ ಕೆಲಸವನ್ನು ನಾವೇ ಬರೆದುಕೊಳ್ಳಲು ಪೈಥಾನಿನಲ್ಲಿ ಅವಕಾಶವಿದೆ. ಲಿಸ್ಪ್‌ನ ಒಡಂಬಡಿಕೆಗೆ ಅದು ದೂರದ ನಂಟ. ಪಟ್ಟಿಯಲ್ಲಿಲ್ಲದ ಹೆಸರು ಬಂದರೆ ನಿರಾಕರಿಸುವಂತೆ ಐದಾರು ಸಾಲು ಸೇರಿಸಿದೆ. ಆ ಬಗೆಯ ತಪ್ಪು ಮತ್ತೆ ಬರಲಿಲ್ಲ. ಆದರೆ ಮುಂದಿನ ವರ್ಷ ಬಂದ ಹುಡುಗಿಯೊಬ್ಬಳು, ಬೇರೆಡೆ ಒಪ್ಪಿಗೆಯಾಗುವ ಸಾಲನ್ನು ಇಲ್ಲಿ ಪೈಥಾನ್ ಏಕೆ ಒಪ್ಪುತ್ತಿಲ್ಲವೆಂದು ಇಡೀ ಮಧ್ಯಾಹ್ನ ತಲೆ ಕೆಡಿಸಿಕೊಂಡಳು. ವ್ಯಾಕರಣ ತಿದ್ದಿದ್ದವನು ನಾನು. ಅದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಉಂಗುರವನ್ನು ಕಣ್ಣಾರೆ ನೋಡಬಯಸುವವರು ಪೈಥಾನ್ ತೆರೆದು ಟೈಪ್(3) ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲಿ. ಪೂರ್ಣಾಂಕದ ವರ್ಗ ಎಂದು ಉತ್ತರ ಬರುತ್ತದೆ. ಆ ವರ್ಗದ ಟೈಪ್ ಏನೆಂದು ಕೇಳಿದರೆ ‘ಟೈಪ್’ ಎನ್ನುತ್ತದೆ. ಅದರ ಟೈಪ್ ಏನು? ಮತ್ತೆ ‘ಟೈಪ್’. ಎಷ್ಟು ಸಲ ಕೇಳಿದರೂ ಅಷ್ಟೇ.