ಸೇಡಿನ ಎರಡನೆಯ ಅಧ್ಯಾಯ

ಸೇಡಿನ ಕಥೆಯೊಂದಕ್ಕೆ ಎರಡನೆಯ ಭಾಗವನ್ನು ಕಟ್ಟುವುದು ಮೊದಲನೆಯದನ್ನು ಕಟ್ಟುವುದಕ್ಕಿಂತ ಕಷ್ಟದ ಕೆಲಸ. ಮೊದಲ ಭಾಗದ ಕೊನೆಯಲ್ಲಿ ವೈರಿ ಸತ್ತಿರುತ್ತಾನೆ, ನೋಡಿದವರ ಮನಸ್ಸು ತಣಿದಿರುತ್ತದೆ. ಕಥೆ ಮತ್ತೆ ಹೊತ್ತಿಕೊಳ್ಳಬೇಕಾದರೆ ಸತ್ತವನ ಕಡೆಯವನೊಬ್ಬ ಎದ್ದು ಬರಬೇಕು. ಗೆದ್ದವನ ಬಳಿ ಕಳೆದುಕೊಳ್ಳುವುದಕ್ಕೆ ಏನಾದರೂ ಇರಬೇಕು. ಇವೆರಡನ್ನೂ ಹೊಡೆದಾಟದ ದೃಶ್ಯಗಳು ತಂದುಕೊಡಲಾರವು. ನಟರ ಮುಖ, ಧ್ವನಿ, ನಿಲುವುಗಳೇ ತಂದುಕೊಡಬೇಕು. ಪ್ರಶಾಂತ್ ನೀಲ್ ನಿರ್ದೇಶನದ ‘ಕೆ.ಜಿ.ಎಫ್.: ಚಾಪ್ಟರ್ 2’ ಚಿತ್ರವನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸಬಹುದು.

ಇದರ ಮೊದಲ ಭಾಗ 2018ರ ಡಿಸೆಂಬರ್‌ನಲ್ಲಿಯೂ ಎರಡನೆಯದು 2022ರ ಏಪ್ರಿಲ್ 14ರಂದೂ ತೆರೆ ಕಂಡವು. ನಿರ್ಮಾಪಕ ವಿಜಯ್ ಕಿರಗಂದೂರು ಅವರ ಹೆಸರಿನಲ್ಲಿರುವ ಕಿರಗಂದೂರು ನಮ್ಮ ಮಂಡ್ಯ ಸೀಮೆಯ ಊರು. ಐದು ಭಾಷೆಗಳಲ್ಲಿ ದೇಶದ ಉದ್ದಗಲಕ್ಕೂ ಓಡಿದ ಈ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ, ಸಾಹಸ ಸಂಯೋಜನೆಗೆ ಇನ್ನೊಂದು ಪ್ರಶಸ್ತಿಯೂ ಬಂದವು. ಸಾಹಸದ ವಿಚಾರ ಅಲ್ಲಿಗೆ ಇತ್ಯರ್ಥವಾಯಿತೆಂದುಕೊಂಡು, ಅಭಿನಯದ ಕಡೆಗೆ ತಿರುಗೋಣ.

ಕನ್ನಡ ಕಾವ್ಯವನ್ನು ಓದಿದವರಿಗೆ ಸೇಡಿನ ಉತ್ತರಭಾಗ ಹೊಸದಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ರನ್ನನು ‘ಗದಾಯುದ್ಧ’ವನ್ನು ರಚಿಸಿದಾಗ ಭಾರತಯುದ್ಧ ಬಹುಮಟ್ಟಿಗೆ ಮುಗಿದುಹೋಗಿತ್ತು, ಉಳಿದದ್ದು ಭೀಮನ ಪ್ರತಿಜ್ಞೆಯೊಂದೇ. ಹಿಂದಿನದೆಲ್ಲವನ್ನೂ ಸಿಂಹಾವಲೋಕನ ಕ್ರಮದಿಂದ ಆ ಕೊನೆಯ ಘಟ್ಟದೊಳಕ್ಕೆ ತಂದ ಕವಿ, ಮತ್ತೊಂದು ಸಾಹಸವನ್ನೂ ಮಾಡಿದ. ಸೇಡಿಗೆ ಗುರಿಯಾದ ದುರ್ಯೋಧನನಿಗೆ ದುಃಖಿಸುವ ಅವಕಾಶ ಕೊಟ್ಟ. ಭೀಮನ ಗೆಲುವಿಗೆ ತೂಕ ಬಂದದ್ದು ಈ ದುಃಖದಿಂದ. ಎದುರಾಳಿಯ ಎದೆಯೊಳಗೆ ನಾವು ಒಂದು ಕ್ಷಣವಾದರೂ ನಿಲ್ಲದಿದ್ದರೆ ಸೇಡು ಬರಿಯ ಸದ್ದಾಗಿ ಉಳಿಯುತ್ತದೆ.

ಈ ಚಿತ್ರದಲ್ಲಿಯೂ ಸಿಂಹಾವಲೋಕನವಿದೆ. ಮೊದಲ ಭಾಗದಲ್ಲಿ ಅನಂತನಾಗ್ ಹೇಳಿದ ಕಥೆಯನ್ನು ಎರಡನೆಯದರಲ್ಲಿ ಮಗನ ಪಾತ್ರದ ಪ್ರಕಾಶ್ ರಾಜ್ ಮುಂದುವರಿಸುತ್ತಾರೆ. ಅನಂತನಾಗ್ ಅವರ ಧ್ವನಿಯಲ್ಲಿ ಕಂಡದ್ದನ್ನು ನೆನೆಯುವ ನಿಧಾನವಿತ್ತು. ಪ್ರಕಾಶ್ ರಾಜ್ ಅವರಲ್ಲಿ ಕೇಳುವವರನ್ನು ಒಪ್ಪಿಸುವ ಬಿರುಸು ಹೆಚ್ಚು.

ನಾಯಕ ರಾಕಿಯಾಗಿ ಯಶ್ ಅವರ ಶಕ್ತಿಯಿರುವುದು ಮಿತಿಯಲ್ಲಿ. ಮಾತು ಕಡಮೆ, ನಡಿಗೆ ನಿಧಾನ, ಕಣ್ಣು ಸ್ಥಿರ. ಆದರೆ ಮೊದಲಿನಿಂದಲೇ ಸೋಲರಿಯದವನೆಂದು ಘೋಷಿತನಾದವನಿಗೆ ಅಭಿನಯಿಸಲು ಉಳಿಯುವುದು ಬಹಳ ಸ್ವಲ್ಪ. ರೀನಾ ಗುಂಡೇಟಿಗೆ ಬಿದ್ದಾಗ ಮಾತ್ರ ಆ ಕಲ್ಲು ಬಿರಿಯುತ್ತದೆ. ದುಃಖಕ್ಕೆ ಸಿಕ್ಕಿದ ಆ ಎಡೆಯೇ ಅನಂತರದ ಕಾಳಗಕ್ಕೆ ಅರ್ಥವನ್ನು ಕೊಡುತ್ತದೆ.

ಎದುರಾಳಿ ಅಧೀರನಾಗಿ ಸಂಜಯ್ ದತ್ ಅವರದು ಭೀಕರವಾದ ಆಕಾರ. ಆದರೆ ಅಣ್ಣ ಕಟ್ಟಿದ ಸಾಮ್ರಾಜ್ಯಕ್ಕಾಗಿ ಕಾದು, ಅದು ಪರರ ಪಾಲಾದದ್ದನ್ನು ಕಂಡವನ ಒಳಗುದಿಯನ್ನು ತೋರಿಸಲು ಚಿತ್ರಕಥೆ ಅವರಿಗೆ ಬಿಡುವು ಕೊಟ್ಟಿಲ್ಲ. ಖಡ್ಗ ಕಾಣುತ್ತದೆ, ಅದನ್ನು ಹಿಡಿದವನು ಕಾಣುವುದಿಲ್ಲ. ರನ್ನ ನೀಡಿದ ಅವಕಾಶ ಇಲ್ಲಿ ತಪ್ಪಿಹೋಗಿದೆ.

ನನ್ನ ದೃಷ್ಟಿಯಲ್ಲಿ ನಿಜವಾದ ಎದುರಾಳಿ ಪ್ರಧಾನಿ ರಮಿಕಾ ಸೇನ್ ಪಾತ್ರದ ರವೀನಾ ಟಂಡನ್. ಕುರ್ಚಿಯಿಂದ ಏಳದೆಯೇ ಆಕೆ ರಾಕಿಯ ಎತ್ತರಕ್ಕೆ ನಿಲ್ಲುತ್ತಾರೆ. ಗುರು ಪಾಂಡ್ಯನ್ ಆಗಿ ಅಚ್ಯುತ್ ಕುಮಾರ್, ಸಜ್ಜನಿಕೆಯ ಧ್ವನಿಯಲ್ಲಿಯೇ ಸಂಚನ್ನು ಬಚ್ಚಿಡಬಲ್ಲರು. ತಾಯಿಯಾಗಿ ಅರ್ಚನಾ ಜೋಯಿಸ್ ಕಾಣಿಸಿಕೊಳ್ಳುವುದು ಸ್ವಲ್ಪ ಹೊತ್ತು. ಆದರೂ ಮಗ ಹೇರಳವಾಗಿ ಸಂಪಾದಿಸಿದ ಚಿನ್ನವೆಲ್ಲ ಆಕೆಯ ಬಡತನಕ್ಕೆ ತೀರಿಸುವ ಸಾಲವೆಂಬುದು ನಮಗೆ ಮನವರಿಕೆಯಾಗುತ್ತದೆ. ಮಗನನ್ನು ಕಳೆದುಕೊಳ್ಳುವ ಫಾತಿಮಾ ಪಾತ್ರದಲ್ಲಿ ಈಶ್ವರಿ ರಾವ್ ಅವರನ್ನು ಕಂಡಾಗ, ದೊಡ್ಡವರ ಸೇಡಿಗೆ ಬೆಲೆ ತೆರುವವರು ಯಾರೆಂಬ ಪ್ರಶ್ನೆ ಏಳುತ್ತದೆ.

ಆ ಪ್ರಶ್ನೆ ನನ್ನನ್ನು ಚಿತ್ರದಿಂದ ಚರಿತ್ರೆಗೆ ಕರೆದೊಯ್ಯುತ್ತದೆ. ನಾನು ನೆಲಸಿರುವ ಬ್ಲಫ್, ಮಳವಳ್ಳಿ ತಾಲ್ಲೂಕಿನಲ್ಲಿ ಶಿವನಸಮುದ್ರದ ವಿದ್ಯುದಾಗಾರದಿಂದಾಗಿ ಬೆಳೆದ ಊರು. ದಿವಾನ್ ಶೇಷಾದ್ರಿ ಅಯ್ಯರ್ ಕೈಗೊಂಡ ಯೋಜನೆಯ ಫಲವಾಗಿ 1902ರಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ದೀಪಕ್ಕಾಗಿ 1905ರವರೆಗೆ ಕಾಯಬೇಕಾಯಿತು. ಆದುದರಿಂದ ಕೆ.ಜಿ.ಎಫ್. ಎಂಬ ಹೆಸರು ನಮಗೆ ಸಿನಿಮಾದಿಂದ ಪರಿಚಯವಾದದ್ದಲ್ಲ.

ಚಿತ್ರದ ನರಾಚಿ ಕಲ್ಪನೆಯ ಊರು. ಅಲ್ಲಿ ಸಾವಿರಾರು ಜನ ಮಾತಿಲ್ಲದೆ ತಲೆ ತಗ್ಗಿಸಿ, ತಮ್ಮನ್ನು ಉದ್ಧರಿಸುವ ಒಬ್ಬನಿಗಾಗಿ ಕಾಯುತ್ತಾರೆ. ನಿಜವಾದ ಗಣಿಯ ಕಾರ್ಮಿಕರು ಹಾಗೆ ಕಾಯಲಿಲ್ಲ. 1930ರಲ್ಲಿ, ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಟ್ಟಳೆಯನ್ನು ವಿರೋಧಿಸಿ ಅವರು ತಾವೇ ಕೆಲಸ ನಿಲ್ಲಿಸಿದರು. ನೆಲದಡಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದ ಆ ಜನರ ಗಣಿ 2001ರಲ್ಲಿ ಮುಚ್ಚಿತು. ಅವರು ಅಗೆದ ಮಣ್ಣಿನ ಸಯನೈಡ್ ದಿಬ್ಬಗಳ ನಡುವೆಯೇ ಈ ಚಿತ್ರದ ಚಿತ್ರೀಕರಣವೂ ನಡೆಯಿತು.

ಜನಪ್ರಿಯ ಚಿತ್ರ ಚರಿತ್ರೆಯ ಪಾಠವಾಗಬೇಕೆಂದು ನಾನು ಕೇಳುವುದಿಲ್ಲ. ಒಬ್ಬನ ಮೂಲಕ ಹಲವರ ಸಿಟ್ಟನ್ನು ತೀರಿಸುವುದು ವೀರಕಥೆಯ ಹಳೆಯ ದಾರಿ. ಆದರೆ ಹಲವರ ಬಾಯನ್ನು ಕಟ್ಟಿ ಒಬ್ಬನನ್ನು ದೊಡ್ಡವನನ್ನಾಗಿ ಮಾಡಿದಾಗ, ಆ ಸಿಟ್ಟು ಯಾರದಾಗಿತ್ತೆಂಬುದೇ ಮರೆತುಹೋಗುವ ಅಪಾಯವಿದೆ. ಕೊನೆಯಲ್ಲಿ ರಾಕಿ ತನ್ನ ಚಿನ್ನದೊಡನೆ ಕಡಲಲ್ಲಿ ಮುಳುಗುತ್ತಾನೆ. ದೃಶ್ಯ ಭವ್ಯವಾಗಿದೆ. ಅಗೆದವರಿಗೆ ಆ ಚಿನ್ನದಲ್ಲಿ ಪಾಲೆಷ್ಟು ಎಂದು ಕೇಳಬಲ್ಲ ಒಂದು ಪಾತ್ರ, ಅದನ್ನು ಅಭಿನಯಿಸಬಲ್ಲ ಒಬ್ಬ ಕಲಾವಿದೆ, ಚಿತ್ರದಲ್ಲಿ ಇದ್ದರು. ಫಾತಿಮಾಳಿಗೆ ಇನ್ನೆರಡು ಮಾತು ಕೊಟ್ಟಿದ್ದರೆ ಸಾಕಾಗಿತ್ತು.