ನೀರಿನ ಚೀಲದೊಳಗೆ ಲೋಳೆ ಏಕೆ?

ಚಾರಣದಲ್ಲಿ ಬೆನ್ನಿಗೆ ಹಾಕಿಕೊಂಡು ಕೊಳವೆಯಿಂದ ಹೀರಿ ಕುಡಿಯುವ ನೀರಿನ ಚೀಲ, ತೊಳೆದಿಟ್ಟರೂ ಮುಗ್ಗಲು ವಾಸನೆ ಬರುವುದೇಕೆ? (ಓದುಗರು, ನಾಟ್ರಾಂಪಾಳ್ಯ)

ಹೀರುವಾಗಲೆಲ್ಲ ಬಾಯಿಯ ಬ್ಯಾಕ್ಟೀರಿಯಾ ಕೊಳವೆಯ ತುದಿಗೆ ಸೇರುತ್ತವೆ. ಒಳಗೆ ಗಾಳಿಯಾಡದು, ತೇವ ಆರದು. ಅವು ಅಂಟಾದ ಪೊರೆಯೊಂದನ್ನು ಸ್ರವಿಸಿ ಅದರೊಳಗೇ ಬೆಳೆಯುತ್ತವೆ. ಲೋಳೆಯೂ ವಾಸನೆಯೂ ಬರುವುದು ಇದರಿಂದಲೇ. ಹಲ್ಲಿನ ಪಾಚಿಯ ಹಾಗೆಯೇ ಇದೂ: ಮುಕ್ಕಳಿಸಿದರೆ ಹೋಗದು, ಉಜ್ಜಲೇಬೇಕು. ಗ್ಲೂಕೋಸ್, ಪಾನಕ ತುಂಬಿದ್ದರಂತೂ ಅವಕ್ಕೆ ಆಹಾರವೂ ಸಿಕ್ಕಿತು. ಅಂಚೆಟ್ಟಿ, ಹೊಗೇನಕಲ್ ಕಡೆಯ ಬಿಸಿಲಿಗೆ ನೀರು ಬೆಚ್ಚಗಾದರೆ ಬೆಳವಣಿಗೆ ಇನ್ನೂ ಚುರುಕು.

ಬೆಚ್ಚನೆಯ ನೀರಿಗೆ ಅಡುಗೆ ಸೋಡಾ ಬೆರೆಸಿ ಅರ್ಧ ಗಂಟೆ ನೆನೆಸಿಡಿ. ಕೊಳವೆಯೊಳಗೂ ಉದ್ದನೆಯ ಬ್ರಷ್ ಆಡಿಸಿ. ಬಾಯಿಗಿಡುವ ತುದಿಯನ್ನು ಬಿಚ್ಚಿ ತೊಳೆಯಿರಿ, ಎಲ್ಲರೂ ಮರೆಯುವುದು ಅದನ್ನೇ. ಚೀಲದ ಪದರಗಳು ಅಂಟಿಕೊಳ್ಳದಂತೆ ಒಳಗೊಂದು ಮರದ ಸೌಟು ಇಟ್ಟು ತಲೆಕೆಳಗಾಗಿ ನೇತುಹಾಕಿ. ಆರಿಸಲು ಪುರಸೊತ್ತಿಲ್ಲವೇ? ನೀರು ಬಸಿದು ಫ್ರೀಜರಿನಲ್ಲಿಡಿ. ಚಳಿಗೆ ಬ್ಯಾಕ್ಟೀರಿಯಾಗಳೆಲ್ಲ ಸಾಯವು, ಬೆಳೆಯುವುದು ಮಾತ್ರ ನಿಲ್ಲುತ್ತದೆ.